ಆರೈಕೆ ಮಾಡುವವರಿಗೂ ಆರೈಕೆ ಬೇಕು

ನೀವು ಆಸ್ಪತ್ರೆಯ ದಾದಿಯಾಗಿರಬಹುದು, ಊರಿನ ಆಶಾ ಕಾರ್ಯಕರ್ತೆಯಾಗಿರಬಹುದು, ವೃದ್ಧರ ಮನೆಯಲ್ಲೇ ತಂಗಿ ಅವರನ್ನು ನೋಡಿಕೊಳ್ಳುವ ಹೋಮ್ ನರ್ಸ್ ಆಗಿರಬಹುದು ಅಥವಾ ವೈದ್ಯರೇ ಆಗಿರಬಹುದು. ದಿನಕ್ಕೆ ಹತ್ತಾರು ಜನರ ರಕ್ತದೊತ್ತಡ ಅಳೆಯುವ ನೀವು ನಿಮ್ಮ ರಕ್ತದೊತ್ತಡ ನೋಡಿಕೊಂಡು ಎಷ್ಟು ದಿನವಾಯಿತು? ಹೊತ್ತಿಗೆ ಸರಿಯಾಗಿ ಉಣ್ಣಿ ಎಂದು ರೋಗಿಗೆ ಹೇಳುವ ನೀವು ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತದ್ದು ಎಷ್ಟು ಗಂಟೆಗೆ? ಉತ್ತರ ಹೇಳಲು ತಡವರಿಸುವಂತಾದರೆ ಈ ವಾರದ ಲೇಖನ ನಿಮಗಾಗಿ.

ದಣಿವು ಬೇರೆ, ಬಸವಳಿಕೆ ಬೇರೆ

ದುಡಿದವರಿಗೆ ದಣಿವು ಸಹಜ. ಚೆನ್ನಾಗಿ ನಿದ್ರಿಸಿದರೆ ಅದು ಕಳೆಯುತ್ತದೆ. ರಜೆ ಮುಗಿಸಿ ಬಂದ ಮೇಲೂ ಕಳೆಯದ ದಣಿವು ಬಸವಳಿಕೆ, ಅಂದರೆ 'ಬರ್ನ್‌ಔಟ್' ಇರಬಹುದು. ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ 1974ರಲ್ಲಿ ಉಚಿತ ಚಿಕಿತ್ಸಾಲಯಗಳ ಸಿಬ್ಬಂದಿಯನ್ನು ಕಂಡು ಇದರ ಬಗ್ಗೆ ಬರೆದರು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಕಾಯಿಲೆ ಎನ್ನದೆ, ಕೆಲಸದ ನಿರಂತರ ಒತ್ತಡ ಹತೋಟಿಗೆ ಬಾರದಿದ್ದಾಗ ಉಂಟಾಗುವ ಸ್ಥಿತಿ ಎಂದು ವಿವರಿಸಿತು.

ಇದರ ಲಕ್ಷಣಗಳು ಮೂರು. ಒಂದು, ಶಕ್ತಿಯೆಲ್ಲ ಬರಿದಾದ ಭಾವನೆ. ಎರಡು, ಕೆಲಸದ ಬಗ್ಗೆ ಜಿಗುಪ್ಸೆ. ಹೆಸರಿನಿಂದ ಕರೆಯುತ್ತಿದ್ದ ರೋಗಿ ಈಗ ಬರೀ 'ಮೂರನೇ ಬೆಡ್' ಆಗಿಬಿಡುತ್ತಾನೆ. ಮೂರು, ಕಾರ್ಯದಕ್ಷತೆ ಕುಗ್ಗುವುದು. ಔಷಧಿಯ ಪ್ರಮಾಣ ತಪ್ಪುವುದು, ಜ್ವರದ ಪಟ್ಟಿ ಬರೆಯಲು ಮರೆಯುವುದು ಇಂಥ ಹೊತ್ತಿನಲ್ಲೇ. ಇದರ ನಷ್ಟ ರೋಗಿಗೂ ತಟ್ಟುತ್ತದೆ.

ಆದರೆ ಎಲ್ಲ ಸುಸ್ತನ್ನೂ ಬಸವಳಿಕೆ ಎಂದುಕೊಳ್ಳಬೇಡಿ. ರಕ್ತಹೀನತೆ, ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಖಿನ್ನತೆ ಇವುಗಳಲ್ಲೂ ಹೀಗಾಗುತ್ತದೆ. ಮೊದಲು ವೈದ್ಯರಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ.

ಗೆರೆ ಎಂದರೆ ಗೋಡೆಯಲ್ಲ

ಇದನ್ನು ತಡೆಯುವಲ್ಲಿ ನಿದ್ದೆ, ಊಟದಷ್ಟೇ ಮುಖ್ಯವಾದದ್ದು ವೃತ್ತಿಯ ಮಿತಿ. 'ಮಿತಿ ಹಾಕಿಕೊಂಡರೆ ಕರುಣೆ ಇಲ್ಲ ಎಂದುಕೊಳ್ಳುತ್ತಾರಲ್ಲ' ಎಂದು ಅನೇಕರು ಅಳುಕುತ್ತಾರೆ. ನಿಜವಾಗಿ ಮಿತಿ ಇರುವುದರಿಂದಲೇ ನಾಳೆಯ ರೋಗಿಗೂ ನಿಮ್ಮಲ್ಲಿ ಕರುಣೆ ಉಳಿದಿರುತ್ತದೆ.

ಸಮಯ: ರಾತ್ರಿ ಹನ್ನೊಂದಕ್ಕೆ ಫೋನ್ ಬಂದರೆ ಮೊದಲು ತುರ್ತೇ ಎಂದು ತಿಳಿಯಿರಿ. ತುರ್ತಲ್ಲದಿದ್ದರೆ, 'ಬೆಳಿಗ್ಗೆ ಒಂಬತ್ತಕ್ಕೆ ಬಂದು ನೋಡುತ್ತೇನೆ. ಅಷ್ಟರಲ್ಲಿ ಉಸಿರಾಟಕ್ಕೆ ತೊಂದರೆಯಾದರೆ ಅಥವಾ ರಕ್ತಸ್ರಾವವಾದರೆ 108ಕ್ಕೆ ಫೋನ್ ಮಾಡಿ' ಎನ್ನಿ. ಬರೀ 'ಆಗುವುದಿಲ್ಲ' ಎನ್ನುವುದಕ್ಕಿಂತ ಇದು ಎಷ್ಟೋ ಮೇಲು. ಒಂಬತ್ತಕ್ಕೆ ತಪ್ಪದೆ ಹೋಗಿ.

ಹಣ: ಗುಣಮುಖರಾದವರು ಪ್ರೀತಿಯಿಂದ ಕೊಟ್ಟ ನಾಲ್ಕು ಬಾಳೆಹಣ್ಣನ್ನು ಎಲ್ಲರೊಂದಿಗೆ ಹಂಚಿ ತಿಂದರೆ ತೊಂದರೆಯಿಲ್ಲ. ಉಂಗುರ, ಸಾಲ, ಕೈಗಡ ಬೇಡ. ಕೊಡುವುದೂ ಬೇಡ, ಪಡೆಯುವುದೂ ಬೇಡ. ಹಣ ನಡುವೆ ಬಂದ ಮೇಲೆ ಎಲ್ಲ ರೋಗಿಗಳನ್ನೂ ಸಮನಾಗಿ ಕಾಣುವುದು ಕಷ್ಟ.

ಗುಟ್ಟು: ರೋಗಿಯ ವಿಷಯ ನೀರಿನ ನಲ್ಲಿಯ ಬಳಿಯಾಗಲಿ, ವಾಟ್ಸ್‌ಆಪ್ ಗುಂಪಿನಲ್ಲಾಗಲಿ ಆಡುವಂಥದ್ದಲ್ಲ. ಆದರೆ 'ಯಾರಿಗೂ ಹೇಳುವುದಿಲ್ಲ' ಎಂದು ಕಣ್ಣು ಮುಚ್ಚಿ ಭಾಷೆ ಕೊಡಬೇಡಿ. ಸಾಯುವ ಮಾತು ಬಂದರೆ, 'ನಿಮ್ಮ ಜೀವ ಉಳಿಯಬೇಕು, ಅದಕ್ಕಾಗಿ ವೈದ್ಯರಿಗೆ ಹೇಳಲೇಬೇಕು' ಎಂದು ನೇರವಾಗಿ ಹೇಳಿ, ಅವರನ್ನು ಒಬ್ಬರೇ ಬಿಡಬೇಡಿ. ಅಂಥ ಭಾರವನ್ನು ಒಬ್ಬರೇ ಹೊರುವುದು ನಿಮಗೂ ಅಪಾಯ.

ಬಾಂಧವ್ಯ: 'ನಾನಿಲ್ಲದಿದ್ದರೆ ಈ ಅಜ್ಜಿಗೆ ಯಾರೂ ಇಲ್ಲ' ಎಂದು ಅನ್ನಿಸತೊಡಗಿದರೆ ಎಚ್ಚರ ವಹಿಸಿ. ಮನೆಯವರಿಗೂ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ಮಾತ್ರೆ ಕೊಡುವುದನ್ನು ಕಲಿಸಿಕೊಡಿ. ವಾರಕ್ಕೊಂದು ರಜೆಯನ್ನು ಕೆಲಸಕ್ಕೆ ಸೇರುವ ಮೊದಲೇ ಮಾತನಾಡಿಕೊಳ್ಳಿ.

ಮರ್ಯಾದೆ: ರೋಗಿಯಾಗಲಿ ಬಂಧುವಾಗಲಿ ಅಸಭ್ಯವಾಗಿ ವರ್ತಿಸಿದರೆ ಸಹಿಸುವುದು ಸೇವೆಯಲ್ಲ. ದೂರ ಸರಿದು, ಮೇಲಿನವರಿಗೆ ಬರವಣಿಗೆಯಲ್ಲಿ ತಿಳಿಸಿ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಆಸ್ಪತ್ರೆಗಳಿಗೂ ಅನ್ವಯಿಸುತ್ತದೆ.

ದೇಹದ ಕಡೆಗೂ ಗಮನ

* ರಾತ್ರಿ ಪಾಳಿ ಮುಗಿಸಿ ಬಂದವರು ಕೋಣೆ ಕತ್ತಲು ಮಾಡಿ ಮಲಗಿ. ಪಾಳಿಯ ಕೊನೆಯ ಗಂಟೆಗಳಲ್ಲಿ ಕಾಫಿ, ಟೀ ಬೇಡ.

* ನೀರು ಕುಡಿಯಿರಿ. ಮೂತ್ರ ತಡೆದು ಕೂರಬೇಡಿ.

* ಭಾರವಾದ ರೋಗಿಯನ್ನು ಒಬ್ಬರೇ ಎತ್ತಬೇಡಿ. ಇಬ್ಬರು ಸೇರಿ, ಸೊಂಟದ ಬದಲು ಮೊಣಕಾಲು ಬಾಗಿಸಿ.

* ಹೆಪಟೈಟಿಸ್-ಬಿ ಲಸಿಕೆ ಹಾಕಿಸಿಕೊಳ್ಳಿ. ಮೊದಲ ಚುಚ್ಚುಮದ್ದಿನ ನಂತರ 1 ಮತ್ತು 6ನೇ ತಿಂಗಳಲ್ಲಿ ಉಳಿದೆರಡು.

* ಬಳಸಿದ ಸೂಜಿ ಚುಚ್ಚಿದರೆ ಗಾಯ ಹಿಂಡದೆ ಸೋಪು ನೀರಿನಲ್ಲಿ ತೊಳೆದು ತಕ್ಷಣ ವರದಿ ಮಾಡಿ. ಎಚ್‌ಐವಿ ತಡೆಯುವ ಔಷಧಿ ಬೇಕೆಂದಾದರೆ ಆದಷ್ಟು ಬೇಗ, 72 ಗಂಟೆಯೊಳಗೆ ಆರಂಭಿಸಿ 28 ದಿನ ಸೇವಿಸಬೇಕು.

* ವಾರ್ಡಿನ ನಿದ್ರೆ ಮಾತ್ರೆಗೆ ನೀವಾಗಿಯೇ ಕೈ ಹಾಕಬೇಡಿ.

ಇನ್ನು ಮನಸ್ಸು. ನೋಡಿಕೊಂಡ ರೋಗಿ ತೀರಿಕೊಂಡಾಗ ಸಾಧ್ಯವಾದರೆ ಹತ್ತು ನಿಮಿಷ ಸಹೋದ್ಯೋಗಿಯೊಡನೆ ಕುಳಿತು ಮಾತನಾಡಿ. ಕಣ್ಣೀರು ಬಂದರೆ ನಾಚಿಕೆ ಬೇಡ. ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಮನಸ್ಸು ನಿಲ್ಲದಿದ್ದರೆ, ಮದ್ಯ ಬೇಕೆನಿಸತೊಡಗಿದರೆ ವೈದ್ಯರನ್ನು ಕಾಣಿ. ಬದುಕೇ ಬೇಡ ಎನ್ನಿಸಿದರೆ ಒಂದು ದಿನವೂ ಕಾಯಬೇಡಿ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಉಚಿತ. ಹಗಲು ರಾತ್ರಿ ಕನ್ನಡದಲ್ಲೇ ಮಾತನಾಡಬಹುದು.

ಆಸ್ಪತ್ರೆ ನಡೆಸುವವರಿಗೂ ಒಂದು ಮಾತು. ಇಬ್ಬರು ಮಾಡುವ ಕೆಲಸವನ್ನು ಒಬ್ಬರಿಗೆ ಹೊರಿಸಿ, ಆಮೇಲೆ ಯೋಗ ಶಿಬಿರ ಏರ್ಪಡಿಸಿದರೆ ಪ್ರಯೋಜನವಿಲ್ಲ. ಸಾಕಷ್ಟು ಸಿಬ್ಬಂದಿ, ಊಟದ ಬಿಡುವು, ತಪ್ಪದ ವಾರದ ರಜೆ: ಮೊದಲ ಚಿಕಿತ್ಸೆ ಇವೇ.