ಇ-ವೇ ಬಿಲ್ಲು: ರಾಜ್ಯದ ಪ್ರಯೋಗವು ಕೇಂದ್ರದ ವ್ಯವಸ್ಥೆಯಾದ ಬಗೆ

ಬೈಲಹೊಂಗಲದ ಜಿನ್ನಿಂಗ್ ಗಿರಣಿಯಿಂದ ಹತ್ತಿಯ ಬೇಲ್‌ಗಳನ್ನು ಹೇರಿಕೊಂಡು ಕೊಯಮತ್ತೂರಿಗೆ ಹೊರಡುವ ಲಾರಿಯ ಚಾಲಕನ ಬಳಿ ಇಂದು ಸರಕಿನ ಇನ್‌ವಾಯ್ಸ್ ಹಾಗೂ ಹನ್ನೆರಡು ಅಂಕಿಗಳ ಒಂದು ಸಂಖ್ಯೆ ಇದ್ದರೆ ತೆರಿಗೆ ಇಲಾಖೆಯ ಮಟ್ಟಿಗೆ ದಾರಿ ಸುಗಮ. ಆ ಸಂಖ್ಯೆಯೇ ಇ-ವೇ ಬಿಲ್ಲು. ದೇಶದ ಎಲ್ಲ ವರ್ತಕರೂ ಬಳಸುವ ಈ ವ್ಯವಸ್ಥೆಯ ಬೇರು ಕರ್ನಾಟಕದಲ್ಲಿದೆ ಎಂಬುದು ನಮ್ಮ ಭಾಗದ ಅನೇಕ ವ್ಯಾಪಾರಸ್ಥರಿಗೆ ತಿಳಿದಿರಲಾರದು. ಸರಕಾರವೊಂದು ತನ್ನ ತಂತ್ರಜ್ಞಾನವನ್ನು ಹೊಸದು ಮಾಡಿಕೊಳ್ಳುವಾಗ ಎಲ್ಲಿ ಎಡವುತ್ತದೆ, ಹೇಗೆ ಚೇತರಿಸಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ರಾಜ್ಯದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಜಾರಿಗೆ ಬಂದಾಗ ಸರಕು ಸಾಗಣೆಗೆ ವ್ಯಾಟ್ 505 ಎಂಬ ನಮೂನೆಯ ಡೆಲಿವರಿ ನೋಟ್ ಬೇಕಾಗುತ್ತಿತ್ತು. ಇದು ಕಾಗದದ ವ್ಯವಹಾರ. ಪುಸ್ತಕಕ್ಕಾಗಿ ಕಚೇರಿಗೆ ಅಲೆಯಬೇಕು, ಕೈಯಿಂದ ಬರೆಯಬೇಕು. ಬರೆದದ್ದನ್ನು ಇಲಾಖೆಯು ಲೆಕ್ಕಪತ್ರದೊಡನೆ ತಾಳೆ ನೋಡುವಷ್ಟರಲ್ಲಿ ಸರಕು ಮಾರಾಟವಾಗಿ, ಹಣ ಕೈ ಬದಲಾಯಿಸಿ ತಿಂಗಳುಗಳೇ ಉರುಳಿರುತ್ತಿದ್ದವು. ಪ್ರಾಮಾಣಿಕ ವರ್ತಕನಿಗೆ ಅಲೆದಾಟ, ಅಪ್ರಾಮಾಣಿಕನಿಗೆ ಅವಕಾಶ. ಇದಕ್ಕೆ ಪರಿಹಾರವಾಗಿ ವಾಣಿಜ್ಯ ತೆರಿಗೆ ಇಲಾಖೆಯು ಮುಂದಿನ ವರ್ಷಗಳಲ್ಲಿ ‘ಇ-ಸುಗಮ್’ ಎಂಬ ವ್ಯವಸ್ಥೆಯನ್ನು ತಂದಿತು. ಗೊತ್ತುಪಡಿಸಿದ ಸರಕುಗಳ ವಿವರವನ್ನು ವರ್ತಕನೇ ತನ್ನ ಅಂಗಡಿಯಲ್ಲಿ ಕುಳಿತು ಅಂತರ್ಜಾಲದಲ್ಲಿ ದಾಖಲಿಸಿದರೆ ಒಂದು ಸಂಖ್ಯೆ ದೊರೆಯುತ್ತಿತ್ತು. ಮೊದಲಿಗೆ ಇದರ ಬಗ್ಗೆಯೂ ಗೊಣಗಾಟ ಇದ್ದೇ ಇತ್ತು. ವಿದ್ಯುತ್ತೇ ನೆಚ್ಚಿಕೆಯಲ್ಲದ ತಾಲ್ಲೂಕು ಸ್ಥಳಗಳಲ್ಲಿ ಅದು ಸಹಜವೂ ಆಗಿತ್ತು. ಆದರೂ ಕೆಲವೇ ವರ್ಷಗಳಲ್ಲಿ ಕರ್ನಾಟಕದ ವ್ಯಾಪಾರಿ ಇದಕ್ಕೆ ಒಗ್ಗಿಕೊಂಡ.

2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಯಾಯಿತು. ಆ ತಿಂಗಳಲ್ಲೇ ಹಲವು ರಾಜ್ಯಗಳು ತಮ್ಮ ತೆರಿಗೆ ತಪಾಸಣಾ ನಾಕಾಗಳನ್ನು ಮುಚ್ಚಿದವು. ನಾಕಾ ಮುಚ್ಚಿದ ಮೇಲೆ ಸರಕಿನ ಓಡಾಟದ ಮೇಲೆ ಕಣ್ಣಿಡುವ ಬೇರೊಂದು ಸಾಧನ ಕೇಂದ್ರಕ್ಕೆ ಬೇಕಾಯಿತು. ರಿಟರ್ನ್ ಸಲ್ಲಿಸುವ ಮುಖ್ಯ ಪೋರ್ಟಲ್ಲನ್ನು ಜಿಎಸ್‌ಟಿಎನ್ ಸಂಸ್ಥೆಗಾಗಿ ಇನ್ಫೋಸಿಸ್ ಕಟ್ಟಿತ್ತು. ಇ-ವೇ ಬಿಲ್ಲಿನ ಕೆಲಸ ಮಾತ್ರ ಸರಕಾರದ್ದೇ ಆದ ರಾಷ್ಟ್ರೀಯ ಮಾಹಿತಿ ಕೇಂದ್ರಕ್ಕೆ, ಅಂದರೆ ಎನ್‌ಐಸಿಗೆ ಬಂತು. ಅದರ ಬೆಂಗಳೂರಿನ ತಂಡವು ಸಿದ್ಧಪಡಿಸಿದ ವ್ಯವಸ್ಥೆಯನ್ನು 2017ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಮೊದಲು ಬಳಕೆಗೆ ತಂದಿತು. ಇಲ್ಲಿ ನಡೆದದ್ದನ್ನು ನೋಡಿಯೇ ಇತರ ಕೆಲವು ರಾಜ್ಯಗಳೂ ಕೈಜೋಡಿಸಿದವು.

ಆದರೆ ಒಂದು ರಾಜ್ಯದಲ್ಲಿ ಓಡಿದ ಗಾಡಿ ದೇಶದ ಭಾರ ಹೊರಬಲ್ಲುದೆ? 2018ರ ಫೆಬ್ರುವರಿ 1ರಂದು ಇಡೀ ದೇಶಕ್ಕೆ ಇ-ವೇ ಬಿಲ್ಲು ಕಡ್ಡಾಯವಾಯಿತು. ಅದೇ ದಿನ ವ್ಯವಸ್ಥೆ ಕುಸಿಯಿತು. ಲಾರಿಗಳು ಗೋದಾಮಿನ ಬಾಗಿಲಲ್ಲಿ ನಿಂತವು. ಬಿಲ್ಲು ಹುಟ್ಟದೆ ಸರಕು ಕದಲುವಂತಿರಲಿಲ್ಲ. ಸಂಜೆಯೊಳಗೆ ಸರಕಾರ ಆದೇಶವನ್ನು ಮುಂದೂಡಬೇಕಾಯಿತು. ದೋಷ ಮುಖ್ಯವಾಗಿ ಕಲ್ಪನೆಯದಲ್ಲ, ಅವಸರದ್ದು ಎಂದೇ ಹೇಳಬೇಕು. ಅಂತರರಾಜ್ಯ ಸಾಗಣೆ, ಹಲವು ರಾಜ್ಯಗಳ ಒಳಗಿನ ಸಾಗಣೆ ಎಲ್ಲವೂ ಒಂದೇ ಬೆಳಗಿನಲ್ಲಿ ಒಂದೇ ಬಾಗಿಲಿಗೆ ಮುಗಿಬಿದ್ದಿದ್ದವು.

ಎರಡು ತಿಂಗಳ ಬಳಿಕ ತೆಗೆದುಕೊಂಡ ಕ್ರಮ ಬೇರೆ. ದಿನಕ್ಕೆ 75 ಲಕ್ಷ ಬಿಲ್ಲುಗಳನ್ನು ತಾಳುವಂತೆ ಸಾಮರ್ಥ್ಯ ಹೆಚ್ಚಿಸಲಾಗಿದೆ ಎಂದು ಪ್ರಕಟಿಸಲಾಯಿತು. ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಗೆ ಮಾತ್ರ ನಿಯಮ ಅನ್ವಯಿಸಿತು. ರಾಜ್ಯದೊಳಗಿನ ಸಾಗಣೆಗೆ ಅಂದು ಅದನ್ನು ಜಾರಿಗೊಳಿಸಿದ್ದು ಕರ್ನಾಟಕವೊಂದೇ. ಏಪ್ರಿಲ್ 15ರಂದು ಇನ್ನೈದು ರಾಜ್ಯಗಳು, ಅನಂತರ ಕಂತು ಕಂತಾಗಿ ಉಳಿದವು. ಜೂನ್ ಹೊತ್ತಿಗೆ ಇಡೀ ದೇಶ ಇದರಡಿ ಬಂದಿತ್ತು. 2024ರ ಅಕ್ಟೋಬರ್ ಒಂದೇ ತಿಂಗಳಿನಲ್ಲಿ 11 ಕೋಟಿಗೂ ಹೆಚ್ಚು ಬಿಲ್ಲುಗಳು ಈ ವ್ಯವಸ್ಥೆಯಲ್ಲಿ ಸೃಷ್ಟಿಯಾದವು. ಮೊದಲ ದಿನದ ಅಪಘಾತವನ್ನು ಕಂಡವರಿಗೆ ಇದು ಸಣ್ಣ ಸಾಧನೆ ಎನಿಸದು.

ಇಷ್ಟಾದರೂ ವರ್ತಕನ ಹೊಣೆ ಕಡಿಮೆಯಾಗಿಲ್ಲ. ಅದು ಕಚೇರಿಯ ಕಟ್ಟೆಯಿಂದ ಅವನ ಗಲ್ಲೆಗೆ ವರ್ಗವಾಗಿದೆ, ಅಷ್ಟೆ. ಮೊದಲಿನ ಗುಮಾಸ್ತನಿಗೆ ತಪ್ಪನ್ನು ವಿವರಿಸಿ ಹೇಳಬಹುದಿತ್ತು. ಯಂತ್ರಕ್ಕೆ ಹೇಳಲಾಗದು. ಆದ್ದರಿಂದ ನಿಯಮದ ಒಳಗುಟ್ಟನ್ನು ಅರಿತಿರುವುದು ಅವಶ್ಯ.

ಸರಕಿನ ಬೆಲೆ 50,000 ರೂಪಾಯಿ ಮೀರಿದರೆ ಬಿಲ್ಲು ಬೇಕು ಎಂಬುದು ಎಲ್ಲರಿಗೂ ಗೊತ್ತು. ಆದರೆ ಆ ಬೆಲೆಯಲ್ಲಿ ತೆರಿಗೆಯೂ ಸೇರುತ್ತದೆ. ರಾಮದುರ್ಗದ ನೇಕಾರ ವ್ಯಾಪಾರಿಯು 48,000 ರೂಪಾಯಿಯ ಸೀರೆ ಕಳುಹಿಸಿದರೆ ಶೇ. 5ರ ತೆರಿಗೆ 2,400 ಸೇರಿ ಮೊತ್ತ 50,400 ಆಗುತ್ತದೆ, ಬಿಲ್ಲು ಕಡ್ಡಾಯ. ಅದೇ ವ್ಯಾಪಾರಿ ನೂಲನ್ನು ಮಹಾರಾಷ್ಟ್ರದ ಇಚಲಕರಂಜಿಗೆ ಮಜೂರಿ ಕೆಲಸಕ್ಕೆಂದು ಕಳುಹಿಸುವುದಾದರೆ ಬೆಲೆಯ ಮಿತಿಯೇ ಇಲ್ಲ. ರಾಜ್ಯದ ಗಡಿ ದಾಟಿ ಜಾಬ್‌ವರ್ಕಿಗೆ ಹೋಗುವ ಸರಕು 10,000 ರೂಪಾಯಿಯದ್ದಾದರೂ ಬಿಲ್ಲು ಬೇಕು. ಗಡಿ ಜಿಲ್ಲೆಯವರು ಇದನ್ನು ಮರೆತೇ ಹೆಚ್ಚು ಸಿಕ್ಕಿಬೀಳುವುದು.

ಬಿಲ್ಲಿಗೆ ಎರಡು ಭಾಗಗಳಿವೆ. ‘ಎ’ ಭಾಗದಲ್ಲಿ ಸರಕಿನ ವಿವರ, ‘ಬಿ’ ಭಾಗದಲ್ಲಿ ವಾಹನದ ಸಂಖ್ಯೆ. ಅದೇ ರಾಜ್ಯದೊಳಗೆ ಸಾಗಣೆದಾರನ ಕಚೇರಿಯವರೆಗೆ 50 ಕಿ.ಮೀ. ಒಳಗಿನ ಸಾಗಣೆಗೆ ‘ಬಿ’ ಭಾಗ ತುಂಬಬೇಕಿಲ್ಲ. ಸವದತ್ತಿ ಅಥವಾ ಕಿತ್ತೂರಿನಿಂದ ಧಾರವಾಡದ ಟ್ರಾನ್ಸ್‌ಪೋರ್ಟ್ ಕಚೇರಿಗೆ ಟೆಂಪೊದಲ್ಲಿ ಸರಕು ಒಯ್ಯುವವರಿಗೆ ಈ ರಿಯಾಯಿತಿ ದೊರೆಯುತ್ತದೆ. ರಾಮದುರ್ಗದಿಂದ ಹುಬ್ಬಳ್ಳಿಗೆ ಒಯ್ಯುವವರಿಗೆ ದೊರೆಯದು. ಅಲ್ಲಿಂದ ಮುಂದೆ ಲಾರಿ ಬದಲಾದಾಗಲೆಲ್ಲ ಹೊಸ ಸಂಖ್ಯೆ ದಾಖಲಾಗಲೇಬೇಕು. (ಎತ್ತಿನ ಚಕ್ಕಡಿಗೆ ಮಾತ್ರ ಈ ಯಾವ ಉಪದ್ರವವೂ ಇಲ್ಲ, ಎಂಜಿನ್ ಇಲ್ಲದ ವಾಹನಕ್ಕೆ ಕಾಯ್ದೆಯೇ ವಿನಾಯಿತಿ ನೀಡಿದೆ.)

ಅವಧಿಯ ಲೆಕ್ಕದಲ್ಲಿ ಗೊಂದಲ ಇನ್ನೂ ಹೆಚ್ಚು. 2021ರ ಜನವರಿ 1ರಿಂದ ಪ್ರತಿ 200 ಕಿ.ಮೀ.ಗೆ ಅಥವಾ ಅದರ ಭಾಗಕ್ಕೆ ಒಂದು ದಿನ. ಅದಕ್ಕೂ ಮುನ್ನ 100 ಕಿ.ಮೀ.ಗೆ ಒಂದು ದಿನವಿತ್ತು. ಕೊಯಮತ್ತೂರಿನ ದೂರವನ್ನು ಪೋರ್ಟಲ್ 830 ಕಿ.ಮೀ. ಎಂದು ತೋರಿಸಿದರೆ ಐದು ದಿನ ಸಿಗುತ್ತದೆ. ‘ಬಿ’ ಭಾಗವನ್ನು ಮೊದಲ ಬಾರಿ ತುಂಬಿದ ಗಳಿಗೆಯಿಂದ ಅವಧಿ ಆರಂಭ. ಮೊದಲ ದಿನ ಮುಗಿಯುವುದು ಮರುದಿನದ ಮಧ್ಯರಾತ್ರಿಗೆ. ಹೀಗಾಗಿ 10ನೇ ತಾರೀಖು ಯಾವ ಹೊತ್ತಿಗೆ ಹೊರಟರೂ 15ನೇ ತಾರೀಖಿನ ಮಧ್ಯರಾತ್ರಿಯವರೆಗೆ ಬಿಲ್ಲು ಜೀವಂತ. ಲಾರಿ ದಾರಿಯಲ್ಲಿ ಕೆಟ್ಟು ನಿಂತರೆ, ಅವಧಿ ಮುಗಿಯುವ ಮುಂಚಿನ ಅಥವಾ ನಂತರದ ಎಂಟು ಗಂಟೆಗಳೊಳಗೆ ವಿಸ್ತರಿಸಿಕೊಳ್ಳಬಹುದು. ಆ ಎಂಟು ಗಂಟೆ ಕಳೆದರೆ ದಾರಿ ಮುಚ್ಚಿದಂತೆ.

ತಪ್ಪಿದರೆ ತೆರಬೇಕಾದ ಬೆಲೆ ಎಷ್ಟು? 25 ಲಕ್ಷ ರೂಪಾಯಿಯ ಹತ್ತಿಗೆ ಶೇ. 5ರಂತೆ ತೆರಿಗೆ 1.25 ಲಕ್ಷ. ಬಿಲ್ಲಿಲ್ಲದೆ ಲಾರಿ ಸಿಕ್ಕಿಬಿದ್ದರೆ, 2022ರ ಜನವರಿ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ, ಮುಂದೆ ಬಂದು ಸರಕು ಬಿಡಿಸಿಕೊಳ್ಳುವ ಮಾಲೀಕನಿಗೆ ತೆರಿಗೆಯ ಎರಡರಷ್ಟು ದಂಡ, ಅಂದರೆ 2.5 ಲಕ್ಷ. ಒಂದು ಲಾರಿ ಹತ್ತಿಯಲ್ಲಿ ಯಾವ ಗಿರಣಿಗೂ ಅಷ್ಟು ಲಾಭ ಉಳಿಯದು. ಆದರೆ ಎಲ್ಲ ತಪ್ಪಿಗೂ ಈ ದಂಡವಲ್ಲ. ಹೆಸರಿನಲ್ಲಿ ಅಕ್ಷರದೋಷ, ವಾಹನ ಸಂಖ್ಯೆಯಲ್ಲಿ ಒಂದೆರಡು ಅಂಕಿಗಳ ವ್ಯತ್ಯಾಸ, ವಿಳಾಸ ಸರಿಯಿದ್ದು ಪಿನ್ ಕೋಡ್ ಮಾತ್ರ ತಪ್ಪಾಗಿ ಅದರಿಂದ ಅವಧಿ ಹೆಚ್ಚಾಗದಿರುವುದು, ಇಂಥವುಗಳಿಗೆ ಕೇಂದ್ರ ಮತ್ತು ರಾಜ್ಯ ಕಾಯ್ದೆಗಳಡಿ ತಲಾ 500 ರೂಪಾಯಿ ದಂಡ ಸಾಕೆಂದು 2018ರ ಸೆಪ್ಟೆಂಬರ್ 14ರ ಸುತ್ತೋಲೆ ಹೇಳುತ್ತದೆ. ಈ ಸುತ್ತೋಲೆಯ ಒಂದು ಪ್ರತಿ ಪ್ರತಿಯೊಂದು ಅಂಗಡಿಯ ಕಡತದಲ್ಲಿಯೂ ಲಾರಿಯಲ್ಲಿಯೂ ಇರತಕ್ಕದ್ದು.

ರೈತರಿಂದ ನೇರವಾಗಿ ಹತ್ತಿ ಕೊಳ್ಳುವ ಗಿರಣಿಯವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ನೋಂದಣಿ ಇಲ್ಲದ ರೈತನ ಸರಕು ಯಾರಿಗೆ ಹೋಗುತ್ತಿದೆ ಎಂಬುದು ಹೊರಡುವಾಗಲೇ ಗೊತ್ತಿದ್ದರೆ, ಬಿಲ್ಲಿನ ಹೊಣೆ ಕೊಳ್ಳುವವನದೇ. ಟ್ರ್ಯಾಕ್ಟರ್ ಹೊಲದಿಂದ ಗಿರಣಿಯ ಅಂಗಳಕ್ಕೇ ಬರುವಾಗ ಇದು ಅನ್ವಯವಾಗುತ್ತದೆ. ಮಾರುಕಟ್ಟೆ ಪ್ರಾಂಗಣಕ್ಕೆ ಸವಾಲಿಗೆಂದು ಬರುವ ಹತ್ತಿಗೆ ಕೊಳ್ಳುವವನು ಆಗ ಇನ್ನೂ ಗೊತ್ತಿರುವುದಿಲ್ಲ.

ವ್ಯವಸ್ಥೆಯ ಕಣ್ಣು ವರ್ಷದಿಂದ ವರ್ಷಕ್ಕೆ ಚುರುಕಾಗುತ್ತಿದೆ. 2021ರಿಂದ ಫಾಸ್ಟ್ಯಾಗ್ ಜೋಡಣೆಯಾಗಿರುವುದರಿಂದ ಲಾರಿಯು ಹಿರೇಬಾಗೇವಾಡಿಯಂಥ ಟೋಲ್ ನಾಕಾ ದಾಟಿದ ಹೊತ್ತು ಅಧಿಕಾರಿಗೆ ಕಾಣುತ್ತದೆ. ಒಂದೇ ಬಿಲ್ಲಿನಲ್ಲಿ ಎರಡು ಫೇರಿ ಹೊಡೆಯುವ ಹಳೆಯ ಚಾತುರ್ಯಕ್ಕೆ ಅಲ್ಲಿಗೆ ತೆರೆ ಬಿತ್ತು. ರಿಟರ್ನ್ ಸಲ್ಲಿಸದೆ ಬಾಕಿ ಉಳಿಸಿಕೊಂಡವರ ಬಿಲ್ಲು ಸೃಷ್ಟಿಯನ್ನೇ ತಡೆಯುವ ಕ್ರಮ 2019ರ ಕೊನೆಯಿಂದ ಇದೆ. 2025ರ ಜನವರಿಯಿಂದ 180 ದಿನಕ್ಕಿಂತ ಹಳೆಯ ಇನ್‌ವಾಯ್ಸಿಗೆ ಬಿಲ್ಲು ಹುಟ್ಟದು. 2025ರ ಜುಲೈ 1ರಂದು ಎರಡನೆಯ ಪೋರ್ಟಲ್ ಆರಂಭವಾಗಿದ್ದು, ಒಂದು ನಿಂತರೆ ಇನ್ನೊಂದರಲ್ಲಿ ಕೆಲಸ ಮುಂದುವರಿಸಬಹುದು. 2018ರ ಫೆಬ್ರುವರಿಯ ಪಾಠ ಕಾರ್ಯರೂಪಕ್ಕೆ ಬರಲು ಏಳು ವರ್ಷ ಹಿಡಿದಂತಾಯಿತು.

2025ರ ಏಪ್ರಿಲ್ 1ರಿಂದ ಎಲ್ಲ ವರ್ತಕರಿಗೂ ಪಾಸ್‌ವರ್ಡಿನೊಡನೆ ಮೊಬೈಲಿಗೆ ಬರುವ ಒಟಿಪಿ ಕಡ್ಡಾಯವಾಗಿದೆ. ಸಣ್ಣ ಊರುಗಳಲ್ಲಿ ನೋಂದಣಿಯ ಮೊಬೈಲ್ ಸಂಖ್ಯೆ ಬಹುಮಟ್ಟಿಗೆ ಲೆಕ್ಕ ಬರೆಯುವವರದಾಗಿರುತ್ತದೆ. ರಾತ್ರಿ ಹನ್ನೊಂದಕ್ಕೆ ಲಾರಿ ತುಂಬಿ ನಿಂತಾಗ ಅವರು ನಿದ್ರೆಯಲ್ಲಿರುತ್ತಾರೆ. ಗುಮಾಸ್ತನ ಹೆಸರಿನಲ್ಲಿ ಅವನದೇ ಮೊಬೈಲ್ ಸಂಖ್ಯೆಯೊಡನೆ ಪ್ರತ್ಯೇಕ ಉಪ-ಬಳಕೆದಾರ ಖಾತೆ ತೆರೆಯಲು ಪೋರ್ಟಲ್ಲಿನಲ್ಲಿಯೇ ಅವಕಾಶವಿದೆ. ಹತ್ತಿಯ ಹಂಗಾಮು ಏರುವ ಮೊದಲೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ಒಳಿತು.