ಬೆಳಕಿಗೆ ಕಾದಿರುವ ಮೊಟ್ಟೆ

ಕುಣಿಗಲ್ ಎಂದೊಡನೆ ಜನರಿಗೆ ನೆನಪಾಗುವುದು ಅದರ ವಿಶಾಲವಾದ ಕೆರೆ ಹಾಗೂ ಹೆಸರಾಂತ ಕುದುರೆಗಳು. ಆದರೆ ಈ ಸೀಮೆಯ ಅನೇಕ ಮನೆಗಳ ಬಾಳು ನಿಂತಿರುವುದು ಸಾಸಿವೆಕಾಳಿನಷ್ಟೂ ದಪ್ಪವಿಲ್ಲದ ಒಂದು ವಸ್ತುವಿನ ಮೇಲೆ. ಅದೇ ರೇಷ್ಮೆಹುಳುವಿನ ಮೊಟ್ಟೆ. ಮೈಸೂರು ತಳಿಯ ಬಿತ್ತನೆಗೂಡನ್ನು ಬೆಳೆಯುವ ಪ್ರದೇಶಗಳಲ್ಲಿ ಕುಣಿಗಲ್ ಸೀಮೆಯೂ ಒಂದು.

ಒಂದು ಚಿಟ್ಟೆ ಸುಮಾರು 400 ಮೊಟ್ಟೆಗಳನ್ನಿಡುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆ, ಶೇಕಡ 80ರಷ್ಟು ತೇವಾಂಶ ಇದ್ದರೆ ಸುಮಾರು ಹತ್ತು ದಿನಗಳಲ್ಲಿ ಮರಿ ಹೊರಬರುತ್ತದೆ. ಅದಕ್ಕೆ ಎರಡು ದಿನ ಮೊದಲು, ತಿಳಿಹಳದಿ ಮೊಟ್ಟೆಯಲ್ಲಿ ಸೂಜಿಯ ಮೊನೆಯಷ್ಟು ಕಪ್ಪು ಚುಕ್ಕೆ ಮೂಡುತ್ತದೆ. ಅದು ಮರಿಯ ತಲೆ. ಮರುದಿನ ಮೊಟ್ಟೆಯೆಲ್ಲ ನೀಲಿಗಟ್ಟುತ್ತದೆ.

ಹಿಗ್ಗಿಸಿ ನೋಡುವುದು ಈ ಕಸುಬಿಗೆ ಹೊಸತಲ್ಲ. 1865ರಲ್ಲಿ ಫ್ರಾನ್ಸಿನ ವಿಜ್ಞಾನಿ ಲೂಯಿ ಪಾಸ್ಚರ್ ರೇಷ್ಮೆಹುಳುವಿನ ರೋಗವನ್ನು ಅರಸುತ್ತ ಸೂಕ್ಷ್ಮದರ್ಶಕದ ಮುಂದೆ ಕುಳಿತರು. ಇಂದಿಗೂ ಮೊಟ್ಟೆಯಿಟ್ಟ ಚಿಟ್ಟೆಯನ್ನು ಅರೆದು, ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, ರೋಗವಿಲ್ಲದ ಮೊಟ್ಟೆಗಳನ್ನು ಆರಿಸುತ್ತಾರೆ.

ಮರಿಯ ಹುಟ್ಟನ್ನೇ ಚಿತ್ರದಲ್ಲಿ ಹಿಡಿಯುವುದು ಇನ್ನೂ ಕಠಿನ. ಹತ್ತುಪಟ್ಟು ಹಿಗ್ಗಿಸುವ ಮಸೂರದಲ್ಲಿ ಸ್ಪಷ್ಟವಾಗಿ ಮೂಡುವ ಪದರದ ದಪ್ಪ ಒಂದು ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಮೊಟ್ಟೆ ನಿಶ್ಚಲವಾಗಿರುವಾಗ ಕ್ಯಾಮರಾವನ್ನು ತುಸುತುಸುವೇ ಸರಿಸುತ್ತ ಹತ್ತಾರು ಚಿತ್ರಗಳನ್ನು ತೆಗೆದು, ಗಣಕಯಂತ್ರದಲ್ಲಿ ಒಂದಾಗಿ ಬೆಸೆಯಬಹುದು. ಮರಿ ಅಲುಗಾಡತೊಡಗಿದರೆ ಆ ಉಪಾಯ ಸಾಗದು. ಆಗ ಒಂದೇ ಕ್ಷಣದ ಚಿತ್ರವನ್ನು ನೆಚ್ಚಬೇಕು. ಬಿಸಿಯಾಗುವ ದೀಪವನ್ನು ಬಹಳ ಹೊತ್ತು ಹತ್ತಿರವಿಟ್ಟರೆ ಮೊಟ್ಟೆ ಒಣಗಿ, ಮರಿ ಒಳಗೇ ಸಾಯಬಹುದು.

ಹಾಗಾದರೆ ಆ ಕ್ಷಣ ಬರುವುದು ಯಾವಾಗ? ಇದಕ್ಕೆ ಉತ್ತರ ಬೆಳೆಗಾರರಲ್ಲಿದೆ. ಚುಕ್ಕೆ ಕಂಡ ಮೊಟ್ಟೆಗಳನ್ನು ಅವರು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲೆಯಲ್ಲಿಡುತ್ತಾರೆ. ಮುಂದೆ ಬೆಳೆದ ಮರಿಗಳು ಒಳಗೇ ತಡೆಯುತ್ತವೆ. ಹಿಂದುಳಿದವು ಅವನ್ನು ಕೂಡಿಕೊಳ್ಳುತ್ತವೆ. ಮೂರನೆಯ ದಿನ ಮುಂಜಾನೆ ಬೆಳಕು ತಾಗಿದ ಬಳಿಕ ಕೆಲವೇ ಗಂಟೆಗಳಲ್ಲಿ ಬಹುಪಾಲು ಮರಿಗಳು ಹೊರಬರುತ್ತವೆ. ಹೀಗಾಗದೆ ದಿನಕ್ಕಷ್ಟು ಹುಟ್ಟಿದರೆ, ಕೆಲವು ಹುಳುಗಳು ಸೊಪ್ಪು ತಿನ್ನುವಾಗ ಉಳಿದವು ಪೊರೆ ಕಳಚುವ ಜ್ವರಕ್ಕೆ ಕೂರುತ್ತವೆ. ಆಗ ಸಾಕಣೆ ಕೆಟ್ಟು, ಮನೆಮಂದಿಯ ದುಡಿಮೆ ವ್ಯರ್ಥವಾಗುತ್ತದೆ.

ಆದುದರಿಂದ ಇರುಳಿನಲ್ಲಿ ಕುತೂಹಲಕ್ಕೆ ದೀಪ ಹಚ್ಚಿ ನೋಡುವ ಛಾಯಾಗ್ರಾಹಕ ತಾನು ಕಾಯುತ್ತಿರುವ ಹೊತ್ತನ್ನು ತಾನೇ ಕದಡಿದಂತೆ. ಅವನೂ ಬೆಳೆಗಾರರಂತೆ ಕತ್ತಲೆಯಲ್ಲಿ ಕಾಯಲು ಕಲಿಯಬೇಕು. ಕಲಿತವನಿಗೆ ಬೆಳಗಿನಲ್ಲಿ ಆ ನೋಟ ದೊರೆಯುತ್ತದೆ: ಚಿಪ್ಪಿನ ಒಂದು ತುದಿ ಕೊರೆಯಲ್ಪಡುತ್ತದೆ, ಕರಿಯ ತಲೆ ಇಣುಕುತ್ತದೆ, ಮೂರು ಮಿಲಿಮೀಟರ್ ಉದ್ದದ ರೋಮಭರಿತ ಮರಿ, ಬಿಳಿಯ ಚಿಪ್ಪನ್ನು ಹಿಂದೆ ಬಿಟ್ಟು, ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಅರಸುತ್ತ ಹೊರಡುತ್ತದೆ.