ಡಿಎನ್‌ಎಯ ಗಂಟುಗಳು ಮತ್ತು ನಮ್ಮ ತೋಟದ ಗಿಡಗಳು

ಅಡಿಕೆ ಮರದ ಬೇರಿನಲ್ಲಿರುವ ಡಿಎನ್‌ಎಯೇ ಅದರ ಸೋಗೆಯಲ್ಲೂ ಹಿಂಗಾರದಲ್ಲೂ ಇದೆ. ಹಾಗಿದ್ದರೆ ಬೇರು ಬೇರಾಗಿ, ಸೋಗೆ ಸೋಗೆಯಾಗಿ ಬೆಳೆಯುವುದು ಹೇಗೆ? ಎಲ್ಲ ಜೀನ್‌ಗಳೂ ಎಲ್ಲ ಕಡೆ ಕೆಲಸ ಮಾಡುವುದಿಲ್ಲ ಎಂಬುದೇ ಉತ್ತರ. ಕಾಮರ್ಸ್ ಓದುವ ನನಗೆ ಇದು ಲೆಡ್ಜರ್‌ನಂತೆ ಕಾಣುತ್ತದೆ. ಪುಸ್ತಕ ಒಂದೇ, ಆದರೆ ಒಂದೊಂದು ಮೇಜಿನ ಮೇಲೆ ಒಂದೊಂದು ಖಾತೆಯ ಪುಟ ತೆರೆದಿರುತ್ತದೆ. ಯಾವ ಪುಟ ಯಾವಾಗ ತೆರೆಯಬೇಕು ಎಂಬ ನಿರ್ಧಾರವೇ ಜೀನ್ ನಿಯಂತ್ರಣ.

1953ರಲ್ಲಿ ವ್ಯಾಟ್ಸನ್ ಮತ್ತು ಕ್ರಿಕ್ ತೋರಿಸಿದ್ದು ಬಲಕ್ಕೆ ತಿರುಗುವ ಎರಡೆಳೆಯ ಏಣಿ. ಆದರೆ ಡಿಎನ್‌ಎ ಸದಾ ಹಾಗೆಯೇ ಇರುವುದಿಲ್ಲ. 1979ರಲ್ಲಿ ಎಡಕ್ಕೆ ತಿರುಗುವ ಝಡ್-ಡಿಎನ್‌ಎ ಕಂಡಿತು. ಇನ್ನೊಂದು ರೂಪ ಜಿ-ಕ್ವಾಡ್ರುಪ್ಲೆಕ್ಸ್. ನಾಲ್ಕು ಗ್ವಾನಿನ್‌ಗಳು ಸೇರಿ ಚೌಕದ ತಟ್ಟೆಯಾಗುತ್ತವೆ, ಅಂಥ ತಟ್ಟೆಗಳು ಒಂದರ ಮೇಲೊಂದು ಕೂರುತ್ತವೆ, ನಡುವೆ ಪೊಟ್ಯಾಸಿಯಂ ಅಯಾನು ಅವನ್ನು ಹಿಡಿದಿಡುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ಇದನ್ನು ‘ಗಾಂಠ್’ ಎನ್ನಬಹುದು, ಕನ್ನಡದ ‘ಗಂಟು’ವಿಗೆ ಬಲು ಹತ್ತಿರದ ಪದ.

ಗಂಟು ಬಿದ್ದ ಪುಟವನ್ನು ಓದುವುದು ಕಷ್ಟ. 2018ರಲ್ಲಿ ಕೊರಿಯಾದ ವಿಜ್ಞಾನಿಗಳು ಸಾಸಿವೆ ಕುಟುಂಬದ ಅರಾಬಿಡೋಪ್ಸಿಸ್ ಗಿಡದಲ್ಲಿ ಇದನ್ನೇ ತೋರಿಸಿದರು. ಜುಲ್ಗಿ ಎಂಬ ಪ್ರೋಟೀನು ಆರ್‌ಎನ್‌ಎಯಲ್ಲಿ ಇಂಥ ಗಂಟು ಹಾಕಿಸಿ, ಸಕ್ಕರೆ ಸಾಗಿಸುವ ಫ್ಲೋಯಂ ಅಂಗಾಂಶ ಮಿತಿಮೀರದಂತೆ ತಡೆಯುತ್ತದೆ. ಜುಲ್ಗಿ ಕಡಿಮೆಯಾದಾಗ ಫ್ಲೋಯಂ ಹೆಚ್ಚಿತು.

ಗಂಟಿನಂತೆ ಸಡಿಲವೂ ಮುಖ್ಯ. ಎ-ಟಿ ಜೋಡಿಗೆ ಎರಡು ಹೈಡ್ರೋಜನ್ ಬಂಧ, ಜಿ-ಸಿ ಜೋಡಿಗೆ ಮೂರು. ಹಾಗಾಗಿ ಎ-ಟಿ ಹೆಚ್ಚಿರುವ ಕಡೆ ಏಣಿ ಬೇಗ ಬಿಚ್ಚಿಕೊಳ್ಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಂಜು ಬನ್ಸಾಲ್ ಅವರ ತಂಡ ಈ ಗುಣವನ್ನೇ ಸುಳಿವಾಗಿ ಹಿಡಿದು, ಜೀನ್ ಆರಂಭವಾಗುವ ಮುಂಚಿನ ಭಾಗವಾದ ಪ್ರೊಮೋಟರ್‌ಗಳನ್ನು ಅರಾಬಿಡೋಪ್ಸಿಸ್ ಮತ್ತು ಭತ್ತದಲ್ಲಿ ಗುರುತಿಸಿತು. ಆ ಕೆಲಸ 2011ರಲ್ಲಿ ಪ್ರಕಟವಾಯಿತು. ನಾವು ಗದ್ದೆಯಲ್ಲಿ ನೋಡುವ ಭತ್ತವೇ ಅದು.

ನಮಗೆ ಇದರಿಂದೇನು? ಎನ್.ಆರ್.ಪುರ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನೆ ನಡೆಯುತ್ತಿದೆ. ಅಲ್ಲಿಂದ ಬಂದ ಎಸ್.795 ತಳಿಗೆ ಎಲೆತುಕ್ಕು ತಡೆಯುವ ಶಕ್ತಿ ಲೈಬೀರಿಕಾ ಕಾಫಿಯ ಜೀನ್‌ನಿಂದ ಬಂತು. ಕಾಲಕ್ರಮೇಣ ತುಕ್ಕಿನ ಹೊಸ ಬಗೆಗಳು ಆ ತಡೆಯನ್ನು ದಾಟಿದವು. ಈಗ ಕೊಪ್ಪ, ಶೃಂಗೇರಿಯ ಅಡಿಕೆ ತೋಟಗಳನ್ನು ಎಲೆಚುಕ್ಕಿ ರೋಗ ಕಾಡುತ್ತಿದೆ. ಔಷಧಿ ಸಿಂಪಡಣೆಯ ಖರ್ಚು ಪ್ರತಿ ವರ್ಷದ ಲೆಕ್ಕಪುಸ್ತಕದಲ್ಲಿ ಇದ್ದೇ ಇದೆ, ತೋಟದ ಕೂಲಿಯಿಂದ ಮಂಡಿಯ ವ್ಯಾಪಾರದವರೆಗೆ ಎಲ್ಲರ ಮನೆಯೂ ಅದರ ಮೇಲೆ ನಿಂತಿದೆ. ಡಿಎನ್‌ಎಯ ಗಂಟುಗಳ ಅಧ್ಯಯನ ನಾಳೆಯೇ ಮದ್ದು ಕೊಡುವುದಿಲ್ಲ. ಆದರೆ ಒಳ್ಳೆಯ ಜೀನ್ ಇದ್ದರಷ್ಟೇ ಸಾಲದು, ಬೇಕಾದ ಹೊತ್ತಿಗೆ ಅದು ತೆರೆಯಬೇಕು ಎಂಬುದನ್ನು ಕಲಿಸುತ್ತದೆ. ‘ರೋಗವೇ ಬರದ ಸಸಿ’ ಎಂದು ಯಾರಾದರೂ ಮಾರಲು ಬಂದರೆ ಏನು ಕೇಳಬೇಕೆಂದು ಗೊತ್ತಿರುವುದೂ ಒಂದು ಲಾಭವೇ.

ನೀವೇ ಉತ್ತರಿಸಿ:
1. ಜಿ-ಕ್ವಾಡ್ರುಪ್ಲೆಕ್ಸ್ ಅನ್ನು ಹಿಡಿದಿಡುವ ಅಯಾನು ಯಾವುದು?
2. ಎ-ಟಿ ಹೆಚ್ಚಿರುವ ಭಾಗ ಬೇಗ ಬಿಚ್ಚಿಕೊಳ್ಳುವುದೇಕೆ?
3. ಜುಲ್ಗಿ ಇಲ್ಲದ ಗಿಡದಲ್ಲಿ ಸಕ್ಕರೆ ಸಾಗಾಟ ಏನಾಗಬಹುದು?